ಡಿಸ್ಚಾರ್ಜ್ ಆಗಿ ಊರಿಗೆ ಮರಳುವಾಗ: ಹಿಂದಿನ ದಿನದಿಂದ ರಿವ್ಯೂವರೆಗೆ

"ನಾಳೆ ಮನೆಗೆ ಹೋಗಬಹುದು" ಎಂದು ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರು ಹೇಳಿಹೋದ ಮೇಲೆ ಮನೆಯವರ ಗಮನವೆಲ್ಲ ಬಿಲ್ಲಿನ ಕಡೆ, ಗಾಡಿಯ ಕಡೆ ತಿರುಗುತ್ತದೆ. ಅದುವರೆಗೆ ಮೂರು ಪಾಳಿಯ ಸಿಸ್ಟರುಗಳು ಮಾಡುತ್ತಿದ್ದ ಕೆಲಸವೆಲ್ಲ ಇನ್ನು ತಮ್ಮ ಪಾಲಿನದು ಎಂಬುದು ಹೊಳೆಯುವ ಹೊತ್ತಿಗೆ ಗಾಡಿ ಹುಣಸೂರು ದಾಟಿರುತ್ತದೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ ದೊಡ್ಡ ಕಾಯಿಲೆಗಳಿಗೆ ಕೊಡಗಿನ ಅನೇಕರು ಇಂದಿಗೂ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಅಲ್ಲಿ ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು, ಕರೆಂಟು ಹೋಗಿ ಸಿಗ್ನಲ್ಲೂ ಇಲ್ಲದ ತೋಟದ ಮನೆಯಿಂದ ಕೇಳಿ ತಿಳಿಯುವುದು ಸುಲಭವಲ್ಲ. ಆದ್ದರಿಂದ ಡಿಸ್ಚಾರ್ಜ್‌ನ ಕೆಲಸವನ್ನು ಹಿಂದಿನ ದಿನವೇ ಆರಂಭಿಸಬೇಕು.

ಹಿಂದಿನ ದಿನ: ಸಿಸ್ಟರ್ ಬಳಿ ಕಲಿಯಬೇಕಾದದ್ದು

ಮನೆಯಲ್ಲಿ ಆರೈಕೆ ಮಾಡುವವರು ಯಾರೋ ಅವರೇ ಆ ದಿನ ವಾರ್ಡಿನಲ್ಲಿರಬೇಕು. ಬಿಲ್ಲು ಕಟ್ಟಲು ಬಂದ ಮಗ ಎಲ್ಲವನ್ನೂ ಕೇಳಿಸಿಕೊಂಡು, ಮನೆಯಲ್ಲಿರುವ ಸೊಸೆಗೆ ಅರ್ಧ ಮಾತ್ರ ಹೇಳುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಇನ್ಸುಲಿನ್ ಚುಚ್ಚುವುದು, ಮೂತ್ರದ ಚೀಲ ಖಾಲಿ ಮಾಡುವುದು, ಗಾಯದ ಡ್ರೆಸಿಂಗ್, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದು, ಇವುಗಳಲ್ಲಿ ಯಾವುದು ಅಗತ್ಯವೋ ಅದನ್ನು ಸಿಸ್ಟರ್ ಎದುರಿನಲ್ಲಿ ಒಮ್ಮೆಯಾದರೂ ತಾವೇ ಮಾಡಿ ತೋರಿಸಬೇಕು. ನೋಡಿದ್ದು ಕೈಗೆ ಬಂದಂತಲ್ಲ. ನಳಿಕೆಯಲ್ಲಿ ಆಹಾರ ಕೊಡುವಾಗ ರೋಗಿಯ ತಲೆ ಮತ್ತು ಎದೆ ಎತ್ತರದಲ್ಲಿರಬೇಕು, ಕೊಟ್ಟ ನಂತರವೂ ಕನಿಷ್ಠ ಅರ್ಧ ಗಂಟೆ ಹಾಗೆಯೇ ಇರಬೇಕು. ಇಲ್ಲವಾದರೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ದಾಖಲಾದವರಿಗೆ ಬಿಡುಗಡೆಯ ನಂತರದ 15 ದಿನಗಳ ಔಷಧಿಯೂ ಪ್ಯಾಕೇಜಿನಲ್ಲಿ ಸೇರಿರುತ್ತದೆ; ಅದನ್ನು ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರ ಬಳಿ ಕೇಳಿ ಪಡೆಯಿರಿ. ಖಾಸಗಿ ವಿಮೆಯಾದರೆ, ಆಸ್ಪತ್ರೆ ಕೋರಿಕೆ ಕಳುಹಿಸಿದ 3 ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ನೀಡಬೇಕೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸೂಚಿಸಿದೆ. ಆದರೂ ಸಂಜೆಯ ಹೊತ್ತಿಗೆ ಒಪ್ಪಿಗೆ ಬಂದರೆ ರಾತ್ರಿ ಹೊರಡಬೇಡಿ, ಇನ್ನೊಂದು ರಾತ್ರಿ ಅಲ್ಲೇ ಕಳೆಯಿರಿ.

ಕಾಗದ ಓದುವುದು

ಡಿಸ್ಚಾರ್ಜ್ ಸಮರಿಯನ್ನು ಬಿಲ್ಲಿನ ಜೊತೆ ಮಡಚಿ ಚೀಲಕ್ಕೆ ಹಾಕುವ ಮೊದಲು ವಾರ್ಡಿನಲ್ಲೇ ಕುಳಿತು ಓದಿ. ಕಾಯಿಲೆಯ ಹೆಸರು, ಮಾಡಿದ ಚಿಕಿತ್ಸೆ, ಮುಂದಿನ ಭೇಟಿಯ ದಿನ ಇವೆಯೇ ಎಂದು ನೋಡಿದರೆ ಸಾಲದು. ಕಲ್ಚರ್, ಬಯಾಪ್ಸಿಯಂಥ ಪರೀಕ್ಷೆಗಳ ವರದಿ ಬರುವುದು ಬಾಕಿ ಇದ್ದರೆ ಅದನ್ನು ಯಾರು, ಯಾವಾಗ ತಿಳಿಸುತ್ತಾರೆ ಎಂದು ಕೇಳಿ ಅದೇ ಕಾಗದದ ಮೇಲೆ ಬರೆದುಕೊಳ್ಳಬೇಕು. ರಾತ್ರಿ ಫೋನ್ ಮಾಡಬೇಕಾದರೆ ಯಾವ ನಂಬರಿಗೆ ಎಂಬುದನ್ನೂ ಬರೆಯಬೇಕು.

ಇನ್ನು ಮಾತ್ರೆಗಳು. ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ. ಎರಡು ವರ್ಷದ ಹಿಂದೆ ಜುಲೈಯಲ್ಲಿ, ನ್ಯುಮೋನಿಯಾ ರಕ್ತಕ್ಕೂ ಹರಡಿ ಹನ್ನೊಂದು ದಿನ ಐಸಿಯುನಲ್ಲಿದ್ದ ನಮ್ಮ ತಂದೆಯವರನ್ನು ಮನೆಗೆ ಕರೆತಂದೆವು. ಚೀಟಿಯಲ್ಲಿದ್ದ ಮಾತ್ರೆಗಳನ್ನು ಅಮ್ಮ ತಪ್ಪದೆ ಕೊಟ್ಟರು. ಹಾಗೆಯೇ ಬೀರುವಿನ ಮೇಲಿದ್ದ ಬಿಸ್ಕತ್ತಿನ ಡಬ್ಬದಿಂದ ಹಳೆಯ ಬಿಪಿ ಮಾತ್ರೆಯನ್ನೂ ಕೊಟ್ಟರು, ಏಕೆಂದರೆ ಅದನ್ನು ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ, ಕಾಗದದಲ್ಲೂ ಇರಲಿಲ್ಲ. ಐದನೆಯ ಬೆಳಿಗ್ಗೆ ಅಪ್ಪ ಬಚ್ಚಲ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಎರಡು ಸ್ಟ್ರಿಪ್‌ಗಳನ್ನೂ ತಿರುಗಿಸಿ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು: ಬ್ರಾಂಡ್ ಬೇರೆ, ಒಳಗಿನ ಔಷಧಿ ಒಂದೇ, ಅಮ್ಲೋಡಿಪಿನ್.

ಆದ್ದರಿಂದ ಮನೆಯಲ್ಲಿರುವ ಎಲ್ಲ ಹಳೆಯ ಮಾತ್ರೆಗಳನ್ನೂ, ಸಕ್ಕರೆ ಕಾಯಿಲೆಯದು, ಥೈರಾಯ್ಡಿನದು, ಮಂಡಿನೋವಿಗೆ ತಾವೇ ಕೊಂಡದ್ದು, ಆಯುರ್ವೇದದ ಕಷಾಯ ಸಹಿತ, ಆಸ್ಪತ್ರೆಗೆ ತರಿಸಿ ಅಥವಾ ಅವುಗಳ ಫೋಟೊ ತರಿಸಿಕೊಳ್ಳಿ. ಒಂದೊಂದನ್ನೂ ತೋರಿಸಿ ಮುಂದುವರಿಸಬೇಕೇ, ನಿಲ್ಲಿಸಬೇಕೇ, ಪ್ರಮಾಣ ಬದಲಾಗಿದೆಯೇ ಎಂದು ಕೇಳಿ. ಚೀಟಿಯಲ್ಲಿ 1-0-1 ಎಂದರೆ ಬೆಳಿಗ್ಗೆ ಮತ್ತು ರಾತ್ರಿ. ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ, ಆದರೆ "ಬೇಕಾದಾಗ" ಎಂದರೆ ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂಬುದನ್ನು ಕೇಳಿಕೊಳ್ಳಬೇಕು. ಆಂಟಿಬಯೋಟಿಕ್ ಎಷ್ಟು ದಿನವೆಂದು ಬರೆದಿದೆಯೋ ಅಷ್ಟು ದಿನವೂ ತೆಗೆದುಕೊಳ್ಳಬೇಕು. ಹಿಂದಿರುಗುವ ದಿನ ಕನಿಷ್ಠ ಒಂದು ವಾರದ ಔಷಧಿ ಕೈಯಲ್ಲಿರಲಿ; ಪೇಟೆಯ ಎಲ್ಲ ಔಷಧಿಯೂ ನಾಪೋಕ್ಲಿನಲ್ಲಿಯೋ ಶನಿವಾರಸಂತೆಯಲ್ಲಿಯೋ ಸಿಕ್ಕೇ ಸಿಗುತ್ತದೆಂದು ನಂಬಬೇಡಿ.

ದಾರಿಯಲ್ಲಿ

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಆರೋಗ್ಯವಂತರಿಗೆ ಅದು ದೂರವಲ್ಲ, ಆದರೆ ಎರಡು ವಾರ ಹಾಸಿಗೆ ಹಿಡಿದವರಿಗೆ ದೂರವೇ. ಬೆಳಿಗ್ಗೆ ಹೊರಟು, ಗಂಟೆಗೊಮ್ಮೆ ನಿಲ್ಲಿಸಿ, ಕಾಲು ಚಾಚಿ ಪಾದಗಳನ್ನು ಅಲುಗಾಡಿಸುವಂತೆ ಮಾಡಿ. ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇಂಥವರಿಗೆ ಹೆಚ್ಚು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಸೀಟ್ ಬೆಲ್ಟಿನ ಕೆಳಗೆ ಮೆತ್ತನೆಯ ದಿಂಬು ಇಡಿ. ಮಂಗಳೂರಿನ ಕಡೆಯಿಂದ ಬರುವವರಿಗೆ ಸಂಪಾಜೆ ಘಾಟಿಯ ತಿರುವುಗಳಲ್ಲಿ ವಾಂತಿಯಾಗಬಹುದು, ವಾಂತಿಯಾದರೆ ಹೊಲಿಗೆ ನೋಯುತ್ತದೆ. ಮುಂಚಿತವಾಗಿಯೇ ಮಾತ್ರೆ ಕೇಳಿ ಪಡೆಯಿರಿ. ಮಳೆಗಾಲದಲ್ಲಿ ರಸ್ತೆ ತೆರೆದಿದೆಯೇ ಎಂದು ವಿಚಾರಿಸದೆ ಹೊರಡುವುದು ಬೇಡ, 2018ರ ಆಗಸ್ಟ್‌ನ ಭೂಕುಸಿತ ನಮಗೆ ಮರೆತಿಲ್ಲವಷ್ಟೆ.

ಮನೆಯ ಸಿದ್ಧತೆ

ಐಸಿಯುನಲ್ಲಿದ್ದವರ ಸ್ನಾಯುಗಳು ಕೆಲವೇ ದಿನಗಳಲ್ಲಿ ಕರಗುತ್ತವೆ. ಆದ್ದರಿಂದ ಮಂಚ ಬಚ್ಚಲಿಗೆ ಹತ್ತಿರವಿರಲಿ. ಬಚ್ಚಲು ಹೊರಗಿರುವ ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳು) ಪಾಚಿಕಟ್ಟಿದ ಮೆಟ್ಟಿಲ ಮೇಲೆ ರಾತ್ರಿ ಕರೆದೊಯ್ಯುವುದಕ್ಕಿಂತ ಕಮೋಡ್ ಕುರ್ಚಿ ಸಾವಿರ ಪಾಲು ಮೇಲು. ಮಲಗಿದವರು ಎದ್ದ ತಕ್ಷಣ ನಿಲ್ಲಬಾರದು. ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಬೇಕು. ತಾವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು.

ಆಮ್ಲಜನಕ ಬೇಕಾದವರ ಮನೆಯಲ್ಲಿ ಕಾನ್ಸೆಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಒದಗಿಸುವ ವಿದ್ಯುತ್ ಯಂತ್ರ) ಒಂದನ್ನೇ ನಂಬುವಂತಿಲ್ಲ, ಏಕೆಂದರೆ ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಎಂದು ಬರುತ್ತದೋ ಹೇಳಲಾಗದು. ತುಂಬಿದ ಸಿಲಿಂಡರ್ ಬೇಕು. 1,500 ಲೀಟರ್ ಹಿಡಿಯುವ ಸಿಲಿಂಡರ್ ನಿಮಿಷಕ್ಕೆ 2 ಲೀಟರ್‌ನಂತೆ ಬಿಟ್ಟರೆ ಸುಮಾರು 12 ಗಂಟೆ ಬರುತ್ತದೆ. ಈ ಲೆಕ್ಕದಿಂದ ಎಷ್ಟು ಬೇಕೆಂದು ತೀರ್ಮಾನಿಸಿ. ಚಳಿಗೆಂದು ಕೋಣೆಯೊಳಗೆ ಕೆಂಡದ ಬಾಣಲೆ ಇಡುವ ನಮ್ಮ ರೂಢಿಯನ್ನು ಆಮ್ಲಜನಕವಿರುವ ಕೋಣೆಯಲ್ಲಂತೂ ಬಿಡಲೇಬೇಕು, ಶ್ವಾಸಕೋಶದ ರೋಗಿಯ ಯಾವ ಕೋಣೆಯಲ್ಲೂ ಬಿಡಬೇಕು.

ಊಟ ಮತ್ತು ನೆಂಟರು

ಚೇತರಿಕೆಗೆ ಪ್ರೋಟೀನ್ ಬೇಕು: ಮೊಟ್ಟೆ, ಮೀನು, ಬೇಳೆ, ಕೋಳಿ, ಸ್ವಲ್ಪ ಸ್ವಲ್ಪವಾಗಿ ಆರು ಬಾರಿ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದರೆ ಮಾತ್ರ ಎಷ್ಟು ತಿನ್ನಬಹುದೆಂದು ಮೊದಲೇ ಕೇಳಿಕೊಳ್ಳಿ. ಹೃದಯದ ತೊಂದರೆಯವರಿಗೆ ಉಪ್ಪಿನಕಾಯಿ, ಒಣಮೀನು, ಮಳೆಗಾಲದ ಉಪ್ಪು ಹಾಕಿದ ಪದಾರ್ಥಗಳು ವರ್ಜ್ಯ. ಅವರು ಪ್ರತಿದಿನ ಬೆಳಿಗ್ಗೆ ತೂಕ ನೋಡಬೇಕು, ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ನಿಂತದ್ದು. ಕೊಡಗಿನಲ್ಲಿ ಔಷಧಿಯ ಗುಣವುಳ್ಳ ಮದ್ದುಸೊಪ್ಪು ತಿನ್ನುವ ದಿನವಾದ ಕಕ್ಕಡ ತಿಂಗಳ 18ಕ್ಕೆ ಯಾರಾದರೂ ಅದರ ಪಾಯಸ ತರದೆ ಇರುವುದಿಲ್ಲ. ಅದನ್ನು ತಿಂದ ಮೇಲೆ ಮೂತ್ರ ಕೆಂಪಾಗುವುದು ನಮಗೆಲ್ಲ ಗೊತ್ತು, ಆದರೆ ರಕ್ತ ತೆಳುಮಾಡುವ ಮಾತ್ರೆಯಲ್ಲಿರುವವರಿಗೆ ಅದು ಸೊಪ್ಪಿನ ಬಣ್ಣವೋ ರಕ್ತವೋ ಎಂದು ಯಾರು ಹೇಳಬೇಕು? ಈ ವರ್ಷ ಅವರಿಗೆ ಬೇಡ.

ನೆಂಟರನ್ನು ಮೊದಲ ವಾರ ತಡೆಯಿರಿ. ಐಸಿಯುನಿಂದ ಬಂದವರಲ್ಲಿ ಕೆಲವರಿಗೆ ಕೆಟ್ಟ ಕನಸು, ಮರೆವು, ಕಾರಣವಿಲ್ಲದ ಅಳು ವಾರಗಟ್ಟಲೆ ಕಾಡಬಹುದು. "ಇಷ್ಟಕ್ಕೆಲ್ಲ ಅಳುವುದೇನು" ಎನ್ನುವ ದೊಡ್ಡಪ್ಪಂದಿರನ್ನು ಜಗಲಿಯಲ್ಲೇ ಕಾಫಿ ಕೊಟ್ಟು ಕಳುಹಿಸುವುದು ಒಳ್ಳೆಯದು.

ಕಾಯದೆ ಹೊರಡಬೇಕಾದಾಗ

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಉಸಿರು ವೇಗವಾದರೆ, ಮೂತ್ರ ಕಡಿಮೆಯಾದರೆ, ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಮಲ ಕಪ್ಪಾದರೆ, ಗಾಯದಿಂದ ಕೀವು ಬಂದರೆ ಕಾಯಬಾರದು. ವಯಸ್ಸಾದವರಲ್ಲಿ ಸೋಂಕು ಮರುಕಳಿಸಿದರೂ ಜ್ವರ ಬರದೆ, ಮಾತು ತೊದಲಿ, ಮಗನನ್ನೇ ಗುರುತಿಸದಂತೆ ಆಗಬಹುದು. ಅದನ್ನು ನಿಶ್ಶಕ್ತಿಯೆಂದು ತಳ್ಳಿಹಾಕಬೇಡಿ. ಆಮ್ಲಜನಕದ ಮಟ್ಟ ಎಷ್ಟಕ್ಕಿಂತ ಇಳಿದರೆ ಅಪಾಯ ಎಂಬುದು ಎಲ್ಲರಿಗೂ ಒಂದೇ ಅಲ್ಲ, ನಿಮ್ಮ ರೋಗಿಯ ಅಂಕಿಯನ್ನು ಡಾಕ್ಟರಿಂದಲೇ ಬರೆಸಿಕೊಳ್ಳಿ. 108ಕ್ಕೆ ಕರೆ ಮಾಡುವಾಗ ತೋಟದ ಹೆಸರಿನೊಂದಿಗೆ ಮುಖ್ಯರಸ್ತೆಯಿಂದ ಒಳಗೆ ತಿರುಗುವ ಗುರುತನ್ನೂ ಹೇಳಿ, ಒಬ್ಬರು ಟಾರ್ಚ್ ಹಿಡಿದು ಗೇಟಿನ ಬಳಿ ನಿಲ್ಲಿ.

ರಿವ್ಯೂ

ಮೊದಲ ಭೇಟಿಗೆ ಬೇಕಾದ ರಕ್ತಪರೀಕ್ಷೆಯನ್ನು ಊರಿನಲ್ಲೇ ಮಾಡಿಸಿ ವರದಿ ತರಬಹುದೇ ಎಂದು ಕೇಳಿದರೆ ಅಲ್ಲಿ ಕಾಯುವ ಅರ್ಧ ದಿನ ಉಳಿಯುತ್ತದೆ. ಹೋಗುವಾಗ ಚೀಟಿಯ ಜೊತೆ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ನಾವು ಎರಡನೆಯ ವಾರ ಬಿಸ್ಕತ್ತಿನ ಡಬ್ಬವನ್ನೇ ಮೇಜಿನ ಮೇಲೆ ಸುರಿದೆವು. ಡಾಕ್ಟರು ಒಂದೊಂದನ್ನೇ ತಿರುಗಿಸಿ ನೋಡಿ, ಏಳು ಸ್ಟ್ರಿಪ್‌ಗಳಲ್ಲಿ ಮೂರನ್ನು ತಮ್ಮ ಡ್ರಾಯರಿಗೆ ಹಾಕಿಕೊಂಡರು.