ತೇಗದ ಬೀಜೋದ್ಯಾನದಲ್ಲಿ ತಂದೆಮರದ ಹುಡುಕಾಟ

ಆಯ್ದ ಮರಗಳನ್ನು ಬೀಜಕ್ಕಾಗಿಯೇ ಬೆಳೆಸುವ ತೇಗದ ಬೀಜೋದ್ಯಾನವೊಂದರಲ್ಲಿ ಯಾವ ಮರದ ಪರಾಗ ಯಾವ ಮರಕ್ಕೆ ತಲುಪುತ್ತಿದೆ ಎಂದು ತಿಳಿಯಲು ಡಿಎನ್‌ಎ ಮಾರ್ಕರ್‌ಗಳನ್ನು (ಒಂದು ಮರವನ್ನು ಇನ್ನೊಂದರಿಂದ ಗುರುತಿಸಲು ನೆರವಾಗುವ ಡಿಎನ್‌ಎ ಭಾಗಗಳನ್ನು) ಬಳಸತೊಡಗಿದಾಗ, ಸಸಿಯ ತಂದೆಯನ್ನು ಪತ್ತೆಹಚ್ಚುವುದೇ ಕಷ್ಟದ ಕೆಲಸವೆಂದು ಭಾವಿಸಿದ್ದೆ. ಹೆಚ್ಚು ದಿನ ಹಿಡಿದದ್ದು ತಾಯಿ ಯಾರೆಂಬುದನ್ನು ಖಚಿತಪಡಿಸಿಕೊಳ್ಳಲು.

ನೆಲಕ್ಕೆ ಬಿದ್ದ ಕಾಯಿಗಳಲ್ಲಿ ಪಕ್ಕದ ಮರದವೂ ಬೆರೆತಿರುವುದರಿಂದ ಕೊಂಬೆಯಿಂದಲೇ ಕಾಯಿ ಕೊಯ್ಯಿಸಿ, ಮರಕ್ಕೊಂದರಂತೆ ಚೀಲಗಳಲ್ಲಿ ಇರಿಸಿದೆ. ತೇಗದ ಕಾಯಿಯ ಗಟ್ಟಿ ಓಟೆಯೊಳಗೆ ಸಾಮಾನ್ಯವಾಗಿ ನಾಲ್ಕು ಕೋಣೆಗಳಿದ್ದು, ಒಂದೇ ಕಾಯಿಯಿಂದ ಎರಡು ಮೂರು ಸಸಿಗಳು ಏಳಬಹುದಾದ್ದರಿಂದ, ಯಾವ ಸಸಿ ಯಾವ ಕಾಯಿಯದೆಂಬುದನ್ನೂ ಬರೆದಿಟ್ಟುಕೊಂಡೆ. ಎಲೆಗಳನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿದೆ. ಬಲಿತ ಎಲೆಯಿಂದ ಡಿಎನ್‌ಎ ತೆಗೆಯಹೋದಾಗ ಕಂದು ಲೋಳೆಯಷ್ಟೇ ಸಿಕ್ಕಿದ್ದರಿಂದ ಎಳೆ ಎಲೆಗೆ ಬದಲಾಯಿಸಿದೆ.

ನಾನು ಆರಿಸಿಕೊಂಡದ್ದು ಮೈಕ್ರೋಸ್ಯಾಟಲೈಟ್ ಮಾರ್ಕರ್‌ಗಳನ್ನು, ಅಂದರೆ ಪುಟ್ಟ ಡಿಎನ್‌ಎ ತುಣುಕೊಂದು ಮತ್ತೆ ಮತ್ತೆ ಬರುವ ಜಾಗಗಳನ್ನು. ಅಂಥ ಜಾಗದ ಉದ್ದ ಬೇರೆಬೇರೆಯಾಗಿರಬಹುದು; ಅದರ ಒಂದೊಂದು ರೂಪವೂ ಒಂದೊಂದು ಅಲೀಲ್. ಇವುಗಳಲ್ಲಿ ತಾಯಿಯಿಂದ ಬಂದ ಅಲೀಲ್ ಮತ್ತು ತಂದೆಯಿಂದ ಬಂದ ಅಲೀಲ್ ಬೇರೆಬೇರೆಯಾಗಿ ಕಾಣುವುದರಿಂದ, ಸಸಿಯ ಜೋಡಿಯಲ್ಲಿ ತಾಯಿಯದನ್ನು ಕಳೆದರೆ ಉಳಿಯುವುದು ತಂದೆಯದು. ಲೆಕ್ಕ ಇಷ್ಟೇ, ಆದರೆ ಒಂದು ಮಾರ್ಕರ್‌ನಲ್ಲಿ ತಾಯಿಗೆ 152 ಉದ್ದದ ಅಲೀಲ್ ಮಾತ್ರ, ಅದರ ಸಸಿಗೆ 158 ಉದ್ದದ್ದು ಮಾತ್ರ ಕಂಡಿತು. ಚೀಲ ಅದಲುಬದಲಾಗಿದೆಯೆಂದು ಮೊದಲು ಸಂಶಯಪಟ್ಟೆ. ಉಳಿದ ಮಾರ್ಕರ್‌ಗಳೆಲ್ಲ ತಾಳೆಯಾದ ಮೇಲೆ, ಪ್ರೈಮರ್ (ಡಿಎನ್‌ಎಯ ಪ್ರತಿ ತೆಗೆಯಲು ಮೊದಲು ಅಂಟುವ ಚಿಕ್ಕ ತುಣುಕು) ಅಂಟಬೇಕಾದ ಜಾಗದಲ್ಲಿ ವ್ಯತ್ಯಾಸವಿದ್ದು ಒಂದು ಅಲೀಲ್ ವರ್ಧನೆಯಾಗದೆ, ಅಂದರೆ ಪ್ರತಿಗಳಾಗದೆ, ಅಡಗಿದೆ ಎಂಬುದೇ ಸರಿಯೆನಿಸಿತು. ಇಂಥ ಮೂಕ ಅಲೀಲ್‌ಗಳಿದ್ದರೆ ವಿಷಮಯುಗ್ಮ (ಎರಡು ಬೇರೆ ಅಲೀಲ್‌ಗಳಿರುವ) ಸಸಿಗಳು ಸಮಯುಗ್ಮಗಳಂತೆ (ಎರಡೂ ಒಂದೇ ಅಲೀಲ್ ಇರುವವುಗಳಂತೆ) ಕಂಡು, ಸ್ವಕೀಯ ಪರಾಗಸ್ಪರ್ಶ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಆ ಮಾರ್ಕರನ್ನು ಪೂರ್ತಿ ಕೈಬಿಟ್ಟೆ. ತಿದ್ದುಪಡಿ ಮಾಡಿ ಉಳಿಸಿಕೊಳ್ಳುವವರೂ ಇದ್ದಾರೆ, ನನಗದು ಒಪ್ಪಿಗೆಯಿಲ್ಲ.

ಇನ್ನೊಂದು ಮರದ ಸಸಿಗಳು ಮಾತ್ರ ಹಲವು ಮಾರ್ಕರ್‌ಗಳಲ್ಲಿ ತಾಯಿಯೊಂದಿಗೆ ಹೊಂದಲಿಲ್ಲ. ತಾಯಿಯ ಮಾದರಿಯನ್ನು ನಾನು ಅದೇ ಕ್ಲೋನ್‌ನ (ಒಂದೇ ಮೂಲಮರದಿಂದ ಕಸಿ ಮಾಡಿದ, ಆನುವಂಶಿಕವಾಗಿ ಒಂದೇ ಆದ ಮರಗಳ ಗುಂಪಿನ) ಬೇರೊಂದು ಮರದಿಂದ ತೆಗೆದಿದ್ದೆ. ಕಾಯಿ ಬಿಟ್ಟ ಮರದಿಂದಲೇ ಎಲೆ ತಂದು ನೋಡಿದಾಗ ಅದು ಆ ಕ್ಲೋನ್ ಆಗಿರಲೇ ಇಲ್ಲ. ಬಹುಶಃ ಕಣ್ಣುಕಸಿ ಸತ್ತು, ಅದನ್ನು ಕಟ್ಟಿದ್ದ ಬೇರುಸಸಿಯ ಚಿಗುರೇ ಮರವಾಗಿತ್ತು. ಅಲ್ಲಿಂದ ಮುಂದೆ ಉದ್ಯಾನದ ನಕ್ಷೆಯನ್ನು ನಂಬುವುದನ್ನು ಬಿಟ್ಟು, ಪ್ರತಿಯೊಂದು ಮರವನ್ನೂ ಪರೀಕ್ಷಿಸಿದೆ.

ತೇಗ ಮುಖ್ಯವಾಗಿ ಪರಕೀಯ ಪರಾಗಸ್ಪರ್ಶವನ್ನೇ ಅವಲಂಬಿಸಿದೆ. ಆದರೆ ಒಂದೇ ಕ್ಲೋನ್‌ನ ಎರಡು ಮರಗಳ ನಡುವೆ ಜೇನುನೊಣ ಓಡಾಡಿದರೆ, ಮರ ಎರಡಾದರೂ ಆನುವಂಶಿಕವಾಗಿ ಅದು ಸ್ವಕೀಯವೇ. ಅಂಥ ಭ್ರೂಣಗಳಲ್ಲಿ ಹಲವು ಬೇಗನೆ ಸಾಯುವುದರಿಂದ, ಬೆಳೆದ ಸಸಿಗಳನ್ನಷ್ಟೇ ನೋಡಿದವರಿಗೆ ಪರಕೀಯ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹಾಗಾಗಿ ನಾನೀಗ ಬೀಜದೆಲೆ ಬಿಚ್ಚಿದ ಕೂಡಲೇ ಮಾದರಿ ತೆಗೆಯುತ್ತೇನೆ. ಉದ್ಯಾನದ ಯಾವ ಮರವೂ ತಂದೆಯಾಗಲಾರದ ಸಸಿ ಸಿಕ್ಕರೆ, ಹೊರಗಿನ ಪರಾಗವೆಂದು ಬರೆಯುವ ಮೊದಲು ಅದರ ಡಿಎನ್‌ಎಯನ್ನು ಮತ್ತೊಮ್ಮೆ ತೆಗೆದು ಓದಿಸುತ್ತೇನೆ.