ಇಗರ್ಜಿ ಮಾಡಿನ ನೀರು ಬಾವಿಗೇ ಹೋಗಲಿ
ಕರಾವಳಿಯ ಚರ್ಚ್‌ಗಳವರು ಮಳೆಗಾಲಕ್ಕೆ ಮುಂಚೆ ಇದೊಂದು ಮಾಡಿ: ಇಗರ್ಜಿ ಮಾಡಿನ (ಛಾವಣಿಯ) ಅಂಚಿಗೆ ದಂಬೆ (ನೀರು ಹಿಡಿಯುವ ಅರೆಕೊಳವೆ) ಕಟ್ಟಿ, ನೀರನ್ನು 200 ಲೀಟರ್ ಡ್ರಮ್ಮಿನ ಮೂಲಕ ಕಾಂಪೌಂಡಿನ ಬಾವಿಗೇ ಬಿಡಿ. ಡ್ರಮ್ಮಿನ ತಳದಲ್ಲಿ ಜಲ್ಲಿ, ಅದರ ಮೇಲೆ ಇದ್ದಿಲು, ಎಲ್ಲಕ್ಕಿಂತ ಮೇಲೆ ಮರಳು, ನಡುವೆ ನೈಲಾನ್ ಬಲೆ, ಅಷ್ಟು ಸಾಕು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮಂಗಳೂರು ಕಡೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಅಂದರೆ 300 ಚದರ ಮೀಟರ್ ಹಂಚಿನ ಮಾಡಿನ ಮೇಲೆ ಬೀಳೋದು ಸುಮಾರು 10 ಲಕ್ಷ ಲೀಟರ್, ಒಂದಿಷ್ಟು ಸಿಡಿದು ಹೋದರೂ ಉಳಿದದ್ದನ್ನು ಸುಮ್ನೆ ಚರಂಡಿಗೆ ಬಿಡೋದು ನಿಜಕ್ಕೂ ಬೇಜಾರಿನ ವಿಷಯ ಅಲ್ವಾ? ಮೊದಲ ಎರಡು ಮೂರು ಮಳೆಯ ನೀರು ಮಾತ್ರ ಹೊರಗೆ ಬಿಡಿ, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಜಾಸ್ತಿ. ಜುಲೈಯಲ್ಲೇ ಬಾಯಿವರೆಗೆ ತುಂಬುವ ಬಾವಿಗೆ ಇದರಿಂದ ದೊಡ್ಡ ಲಾಭ ಇಲ್ಲ, ಅಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಮುಖ್ಯ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕಡಿದಾದ ಗುಡ್ಡದ ಅಂಚಿನಲ್ಲಿ ಬಾವಿ ಇದ್ದರೆ ನೀರು ಬೇಗ ಇಳಿದುಹೋಗುತ್ತದೆ. ಸಿಮೆಂಟ್ ಶೀಟಿನ ಮಾಡಾದರೆ ಕುಡಿಯುವ ಬಾವಿಗೆ ಬೇಡ, ಇಂಗುಗುಂಡಿಗೆ ಬಿಡಿ. ಮರಳನ್ನು ವರ್ಷಕ್ಕೊಮ್ಮೆ ತೊಳೆಯಲೇಬೇಕು, ಮೇ ಕೊನೆಯ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಯುವಕರು ಸೇರಿದರೆ ಕೆಲಸ ಆಗಿಬಿಡುತ್ತದೆ.