ಹೊಳೆ ಪಕ್ಕ ಟೆಂಟ್ ಹಾಕುವವರಿಗೆ ಒಬ್ಬ ಟೈಲರ್ ಹೇಳುವುದು

ಕಾಡಿನಲ್ಲಿ ಟೆಂಟ್ ಹಾಕಿ ಮಲಗುತ್ತೇವೆ ಅಂದ ತಕ್ಷಣ ಜನ ಕೇಳುವುದು, ಆನೆ ಬರಲ್ವಾ, ಚಿರತೆ ಬರಲ್ವಾ ಅಂತ. ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ಅಂಗಡಿಗೆ ಬ್ಲೌಸ್ ಅಳತೆ ಕೊಡಲು ಬರುವವರದ್ದೂ ಇದೇ ಪ್ರಶ್ನೆ. ನಾನು ಹೇಳುವುದು ಇಷ್ಟೇ. ಆನೆ ಓಡಾಡುವ ಜಾಗ ಯಾವುದು ಅಂತ ಅಲ್ಲಿನವರಿಗೆ ಗೊತ್ತಿರುತ್ತದೆ, ಅವರ ಮಾತು ಕೇಳಿ. ನೀವು ನೀರಿನ ಬಗ್ಗೆ ಯೋಚಿಸಿ. ಮಲೆನಾಡಿನ ಹೊಳೆ ದಡದಲ್ಲಿ ರಾತ್ರಿ ಕೆಡುವುದು ನೀರಿನಿಂದ. ಮೇಲಿಂದ ಮಳೆ, ಕೆಳಗಿಂದ ತೇವ, ಒಳಗೆ ನಮ್ಮದೇ ಉಸಿರು, ಪಕ್ಕದಲ್ಲಿ ಹೊಳೆ. ಈ ನಾಲ್ಕಕ್ಕೂ ತಯಾರಿ ಮಾಡಿಕೊಂಡು ಹೋದರೆ ನಿದ್ದೆ ಬರುತ್ತದೆ.

ಎಲ್ಲಿಗೆ, ಯಾವಾಗ

ಕಾಡಿನೊಳಗೆ ಕಂಡ ಕಡೆ ಟೆಂಟ್ ಹಾಕುವ ಹಾಗಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅನುಮತಿ ಇಲ್ಲದೆ ಕಾಲಿಟ್ಟರೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಮೀಸಲು ಅರಣ್ಯದಲ್ಲೂ ಹಾಗೆಲ್ಲ ಉಳಿದುಕೊಳ್ಳಲು ಬಿಡುವುದಿಲ್ಲ. ಹಾಗಾಗಿ ನಮಗೆ ಉಳಿಯುವುದು ಎರಡು ದಾರಿ.

ಮೊದಲ ಸಲ ಹೋಗುವವರಿಗೆ, ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಸರ್ಕಾರದ ಜಂಗಲ್ ಲಾಡ್ಜಸ್ ಕ್ಯಾಂಪುಗಳೇ ವಾಸಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಭದ್ರಾ ಹೊಳೆ ಪಕ್ಕ ಭಗವತಿ ಕ್ಯಾಂಪ್ ಇದೆ. ಆಗುಂಬೆ ಘಾಟಿ ಇಳಿದರೆ ಹೆಬ್ರಿ ಹತ್ತಿರ ಸೀತಾನದಿ ಕ್ಯಾಂಪ್ ಇದೆ. ಬೆಂಗಳೂರಿಗೆ ಹತ್ತಿರ ಬೇಕು ಅಂದರೆ ಕಾವೇರಿ ದಡದ ಭೀಮೇಶ್ವರಿ, ಗಾಲಿಬೋರೆ. ಅದು ಮಲೆನಾಡಲ್ಲ, ಕುರುಚಲು ಕಾಡು. ಏಪ್ರಿಲ್‌ನಲ್ಲಿ ಹೋದರೆ ಬೆಂದುಹೋಗುತ್ತೀರಿ. ಇಂಥ ಕ್ಯಾಂಪುಗಳಲ್ಲಿ ಟೆಂಟು, ಹಾಸಿಗೆ, ಊಟ ಎಲ್ಲ ಅವರದ್ದೇ. ನಮ್ಮತ್ತೆ ಕೇಳುವುದು ಎರಡೇ ವಿಷಯ, ಬಚ್ಚಲು ಎಷ್ಟು ದೂರ, ಕಾಫಿ ಎಷ್ಟೊತ್ತಿಗೆ. ಎರಡಕ್ಕೂ ಅಲ್ಲಿ ಉತ್ತರ ಸಿಗುತ್ತದೆ.

ಸ್ವಂತ ಟೆಂಟನ್ನೇ ಹಾಕಬೇಕು ಅನ್ನುವವರು ಕಳಸ, ಮೂಡಿಗೆರೆ, ಶೃಂಗೇರಿ ಕಡೆಯ ಕಾಫಿ ತೋಟದ ಹೋಂಸ್ಟೇಗಳನ್ನು ಹುಡುಕಿ. ಹೊಳೆ ದಡ ಅವರ ಜಾಗದಲ್ಲೇ ಇದ್ದರೆ ಟೆಂಟ್ ಹಾಕಲು ಬಿಡುವವರು ಇದ್ದಾರೆ. ಫೋನಿನಲ್ಲೇ ಕೇಳಿಕೊಳ್ಳಿ: ಟೆಂಟ್ ಜಾಗಕ್ಕೂ ಕಕ್ಕಸಿಗೂ ಎಷ್ಟು ದೂರ, ಕಳೆದ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, ಮೇಲೆ ಎಲ್ಲಾದರೂ ಅಣೆಕಟ್ಟು ಇದೆಯಾ. ಎರಡನೇ ಪ್ರಶ್ನೆಗೆ ತಡವರಿಸಿದರೆ ಬೇರೆ ಜಾಗ ನೋಡಿ. ಹೊಳೆ ಪಕ್ಕ ಬಾಳಿದವರಿಗೆ ಅದು ಬಾಯಿಪಾಠ ಆಗಿರುತ್ತದೆ.

ಹೋಗುವ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಬಿಸಿಲು ಹೊಳೆಯುತ್ತದೆ, ಸಂಜೆ ಗುಡುಗು ಸಿಡಿಲಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆಯನ್ನೇ ಬಿಡಿ. ನಮ್ಮ ಬೆಂಗಳೂರಿಗೆ ವರ್ಷಕ್ಕೆ ಬೀಳುವುದು 1,000 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ನಮ್ಮ ಊರಿನ ಮಳೆಯ ಅಂದಾಜು ಅಲ್ಲಿ ನಡೆಯುವುದಿಲ್ಲ.

ಕಳಸ, ಹೊರನಾಡಿಗೆ ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸಿದೆ. ಕಾರಿನಲ್ಲಾದರೆ ಬೆಳಗಿನ ಐದಕ್ಕೆಲ್ಲ ನೆಲಮಂಗಲ ದಾಟಿಬಿಡಿ. ಹಾಸನ, ಬೇಲೂರು, ಮೂಡಿಗೆರೆ ಮೇಲೆ ಹೋಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿ. ಅಲ್ಲಿಂದ ಮುಂದೆ ತಿರುವು ಜಾಸ್ತಿ, ವಾಂತಿ ಬರುವ ಮಕ್ಕಳಿದ್ದರೆ ದೋಸೆ ಕಡಿಮೆ ಕೊಡಿ. ಕತ್ತಲಾಗುವ ಮೊದಲೇ ಜಾಗ ಸೇರುವ ಹಾಗೆ ಲೆಕ್ಕ ಹಾಕಿ, ಯಾಕೆಂದರೆ ಹೊಳೆಯನ್ನು ಬೆಳಕಿನಲ್ಲಿ ನೋಡಬೇಕು.

ಟೆಂಟಿನ ಹೊಲಿಗೆ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ನನ್ನ ಕಸುಬು ಇದು. ಟೆಂಟಿನ ಚೀಲದ ಮೇಲೆ 2,000 ಮಿ.ಮೀ., 3,000 ಮಿ.ಮೀ. ಅಂತ ಬರೆದಿರುತ್ತಾರೆ. ಬಟ್ಟೆಯ ಮೇಲೆ ಅಷ್ಟು ಎತ್ತರಕ್ಕೆ ನೀರು ನಿಲ್ಲಿಸಿದರೂ ತಡೆದುಕೊಳ್ಳುತ್ತದೆ ಅಂತ ಅದರ ಅರ್ಥ. ಆದರೆ ಅದು ಬಟ್ಟೆಯ ಲೆಕ್ಕ ಮಾತ್ರ. ಸೂಜಿ ಹೋದ ಕಡೆಯೆಲ್ಲ ತೂತಿದೆ. ಟೆಂಟ್ ಸೋರಲು ಶುರುವಾಗುವುದು ಹೊಲಿಗೆಯಲ್ಲೇ.

ಅಂಗಡಿಯಲ್ಲಿ ಟೆಂಟನ್ನು ಒಳಗಡೆಯಿಂದ ತಿರುವಿ ನೋಡಿ. ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ತೆಳು ಪಟ್ಟಿ ಅಂಟಿಸಿರಬೇಕು. ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಏಳಬಾರದು. ಮೂಲೆಗಳಲ್ಲಿ, ಹಗ್ಗ ಕಟ್ಟುವ ಕುಣಿಕೆ ಇರುವ ಕಡೆ ಒಂದು ತುಂಡು ಬಟ್ಟೆ ಹೆಚ್ಚಿಗೆ ಇಟ್ಟು ಒತ್ತಾಗಿ ಹೊಲಿದಿರಬೇಕು. ಗಾಳಿ ಬಂದರೆ ಪೂರ್ತಿ ಎಳೆತ ಬೀಳುವುದು ಅಲ್ಲಿ. ಜಿಪ್ಪನ್ನು ಒಂದೇ ಕೈಯಲ್ಲಿ ಎಳೆದು ನೋಡಿ. ಎರಡು ಕೈ ಬೇಕಾದರೆ ಕತ್ತಲಲ್ಲಿ ಅದು ಬಟ್ಟೆ ಕಚ್ಚುವುದು ಗ್ಯಾರಂಟಿ.

ಎರಡು ಪದರದ ಟೆಂಟನ್ನೇ ತೆಗೆದುಕೊಳ್ಳಿ. ಒಳಗೆ ಜಾಲರಿ, ಹೊರಗೆ ಮಳೆ ಹೊದಿಕೆ. ಒಂದೇ ಪದರದ್ದು ಅಗ್ಗ, ಆದರೆ ಹೊಳೆ ಪಕ್ಕ ಅದರೊಳಗೆ ಬೆಳಗಾಗುವಷ್ಟರಲ್ಲಿ ಗೋಡೆಯಿಂದ ನೀರಿಳಿಯುತ್ತದೆ. ಮೂವರ ಟೆಂಟ್ ಅಂತ ಬರೆದಿದ್ದರೆ ಇಬ್ಬರಿಗೆ ಅಂತ ಓದಿಕೊಳ್ಳಿ. ಮೂರನೆಯವರು ಗೋಡೆಗೆ ಒತ್ತಿಕೊಂಡು ಮಲಗಬೇಕಾಗುತ್ತದೆ, ಬೆಳಿಗ್ಗೆ ಅವರ ಹೊದಿಕೆ ಒದ್ದೆ.

ತಂದ ಮೇಲೆ ಟೆರೇಸಿನಲ್ಲಿ ಹಾಕಿ ಪರೀಕ್ಷೆ ಮಾಡಿ. ಕಾಂಕ್ರೀಟಿಗೆ ಗೂಟ ಹೊಡೆಯಲು ಆಗಲ್ಲ, ಇಟ್ಟಿಗೆಗೆ ಹಗ್ಗ ಕಟ್ಟಿ. ಗಿಡಕ್ಕೆ ನೀರು ಹಾಕುವ ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ, ಒಳಗೆ ಟಾರ್ಚ್ ಹಿಡಿದು ಒಬ್ಬರು ಕೂತಿರಲಿ. ಸೋರಿದ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಒಣಗಿದ ಮೇಲೆ ಸೀಮ್ ಸೀಲರ್, ಅಂದರೆ ಹೊಲಿಗೆಯ ತೂತು ಮುಚ್ಚುವ ಅಂಟು, ಹಚ್ಚಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ತಂಗಿಯ ಮಕ್ಕಳು ಜಗಳ ಆಡಿಕೊಂಡು ಬರುತ್ತಾರೆ. ಟೆಂಟನ್ನು ಕತ್ತಲಲ್ಲೂ ಹಾಕುವಷ್ಟು ಕೈ ಪಳಗುವುದು ಇಲ್ಲೇ.

ಜೊತೆಗೆ ಎರಡು ಟಾರ್ಪಾಲ್ ಬೇಕು. ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಬೇಕಾದ ಅಳತೆಗೆ ಸಿಗುತ್ತದೆ. ಒಂದು ಟೆಂಟಿನ ಮೇಲೆ ಚಪ್ಪರದ ಹಾಗೆ ಕಟ್ಟಲು. ಇನ್ನೊಂದು ಕೆಳಗೆ ಹಾಸಲು. ಕೆಳಗಿನದು ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು, ಇಲ್ಲದಿದ್ದರೆ ಅಂಚನ್ನು ಒಳಗೆ ಮಡಚಿ. ಹೊರಗೆ ಚಾಚಿಕೊಂಡರೆ ಮಳೆ ನೀರು ಅದರ ಮೇಲೆ ಬಿದ್ದು ಟೆಂಟಿನ ಅಡಿಗೇ ಬಂದು ನಿಲ್ಲುತ್ತದೆ.

ಜಾಗ ಆರಿಸುವುದು

ದಡಕ್ಕೆ ಹೋದ ಕೂಡಲೇ ಚೀಲ ಇಳಿಸಬೇಡಿ. ಮೊದಲು ಮರಗಳ ಬೇರು, ತಗ್ಗಿನ ಕೊಂಬೆ ನೋಡಿ. ಒಣಹುಲ್ಲು, ಕಡ್ಡಿ, ಪ್ಲಾಸ್ಟಿಕ್ ಚೂರು ಸಿಕ್ಕಿಹಾಕಿಕೊಂಡಿರುತ್ತದೆ. ಹೊಳೆ ಉಕ್ಕಿದಾಗ ಅಲ್ಲಿವರೆಗೆ ಬಂದಿತ್ತು ಅಂತ ಅದೇ ಹೇಳುತ್ತದೆ. ನಿಮ್ಮ ಟೆಂಟ್ ಅದಕ್ಕಿಂತ ಮೇಲಿರಬೇಕು. ಬಿಳಿ ಮರಳಿನ ದಿಣ್ಣೆ ಫೋಟೋಗೆ ಚೆನ್ನ. ಆದರೆ ಆ ಮರಳನ್ನು ತಂದು ಹಾಕಿದ್ದು ಹೊಳೆಯೇ ಅಲ್ವಾ?

ಆಮೇಲೆ ತಲೆ ಎತ್ತಿ ನೋಡಿ. ಒಣಗಿದ ಕೊಂಬೆ, ಹೆಜ್ಜೇನಿನ ಹುಟ್ಟು, ಎಲೆ ಸೇರಿಸಿ ಗೂಡು ಕಟ್ಟಿದ ಚಗಳಿ ಇರುವೆ, ಈ ಮೂರರಲ್ಲಿ ಒಂದಿದ್ದರೂ ಆ ಮರ ಬೇಡ. ಹೆಜ್ಜೇನಿರುವ ಕಡೆ ಹೊಗೆಯನ್ನಂತೂ ಹಾಕಲೇಬೇಡಿ. ಜಾಗ ಸ್ವಲ್ಪ ಇಳಿಜಾರಿರಲಿ, ತಲೆ ಮೇಲ್ಗಡೆಗೆ ಬರಲಿ. ಬಟ್ಟಲಿನ ಹಾಗೆ ತಗ್ಗಾದ ಕಡೆ ಮಳೆ ನೀರೂ ನಿಲ್ಲುತ್ತದೆ, ರಾತ್ರಿಯ ತಣ್ಣನೆ ಗಾಳಿಯೂ ಇಳಿದು ನಿಲ್ಲುತ್ತದೆ. ಟೆಂಟಿನ ಸುತ್ತ ಕಾಲುವೆ ತೋಡುವುದು ಹಳೆಯ ಅಭ್ಯಾಸ. ಜಾಗ ಸರಿಯಿದ್ದರೆ ಅದರ ಅಗತ್ಯವಿಲ್ಲ, ತೋಟದವರ ಮಣ್ಣು ಸುಮ್ನೆ ಕೊಚ್ಚಿಹೋಗುತ್ತದೆ.

ಹೊಳೆಯ ಮೇಲೆ ಒಂದು ಕಣ್ಣು

ಸಂಜೆ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡಿ. ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಿ. ನಿಮ್ಮ ತಲೆ ಮೇಲೆ ನಕ್ಷತ್ರ ಇದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಡೆಯುತ್ತಿರಬಹುದು. ನೀರು ಕೆಂಪಗೆ ತಿರುಗಿದರೆ, ಎಲೆ ಕಡ್ಡಿ ರಾಶಿ ತೇಲಿ ಬಂದರೆ, ಸದ್ದು ದಪ್ಪಗಾದರೆ ಸಾಮಾನು ಬಿಟ್ಟು ಮೇಲಕ್ಕೆ ನಡೆಯಿರಿ. ದಾಂಡೇಲಿ, ಗಣೇಶಗುಡಿ ಕಡೆಯ ಕಾಳಿ ನದಿಯ ಕಥೆ ಬೇರೆ. ಅಲ್ಲಿ ಮೇಲೆ ಸೂಪಾ ಅಣೆಕಟ್ಟು ಇದೆ. ವಿದ್ಯುತ್ತಿಗೆ ನೀರು ಬಿಟ್ಟಾಗ ಮಳೆಯೇ ಇಲ್ಲದೆ ಹೊಳೆ ಏರುತ್ತದೆ. ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಅಲ್ಲಿಯವರನ್ನು ಕೇಳದೆ ನೀರಿಗಿಳಿಯಬೇಡಿ, ನಡುಬಂಡೆಗೂ ದಾಟಬೇಡಿ.

ಈಜು ಬಂದರೂ ಮಡುವಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಸುಳಿ ಇರುತ್ತದೆ, ಬಂಡೆ ಮೇಲೆ ಪಾಚಿ ಇರುತ್ತದೆ. ಮೊಣಕಾಲಿನ ನೀರು ಸಾಕು. ಹದಿನೈದು ಮೀಟರ್ ನೈಲಾನ್ ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ ಐದು ಲೀಟರ್ ಕ್ಯಾನ್ ಕಟ್ಟಿ ದಡದಲ್ಲಿಡಿ. ಯಾರಾದರೂ ಜಾರಿದರೆ ಅದನ್ನು ಎಸೆಯುವುದು, ಹಿಂದೆಯೇ ನಾವು ಹಾರುವುದಲ್ಲ. ಇನ್ನು ಬಾಟಲಿ ತೆಗೆದುಕೊಂಡು ಹೋಗುವ ಗುಂಪುಗಳಿಗೆ ನನ್ನ ಹತ್ತಿರ ಸಲಹೆ ಇಲ್ಲ, ಅವರು ಬೆಂಗಳೂರಿನಲ್ಲೇ ಕುಡಿಯಲಿ.

ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕುಡಿಯಿರಿ. ಮೇಲೆ ದನ ಇಳಿದಿರುತ್ತವೆ. ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪಿಂಗ್ ನೀರೂ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆ ನೀರೂ, ಸೇರಿರಬಹುದು. ಕಾಲಿನಲ್ಲಿ ಗಾಯ ಇದ್ದರೆ ನೀರಿಗೆ ಇಳಿಯದಿರುವುದೇ ಒಳ್ಳೆಯದು, ಇಲಿ ಜ್ವರ ಬರುವುದು ಹಾಗೆ. ಪಾತ್ರೆ ಬಟ್ಟೆ ತೊಳೆಯುವ ಸೋಪನ್ನು ಹೊಳೆಗೆ ತರಬೇಡಿ. ನೀರನ್ನು ಬಕೆಟ್ಟಿನಲ್ಲಿ ದೂರ ಒಯ್ದು ತೊಳೆಯಿರಿ.

ರಾತ್ರಿ

ಚಳಿ ಜಾಸ್ತಿ ಹತ್ತುವುದು ನೆಲದಿಂದ. ಮೇಲೆ ಎಷ್ಟು ಹೊದ್ದರೂ ಕೆಳಗೆ ಬರೀ ಚಾಪೆ ಇದ್ದರೆ ಬೆನ್ನು ಮರಗಟ್ಟುತ್ತದೆ. ದಪ್ಪ ಫೋಮ್ ಮ್ಯಾಟ್ ಹಾಕಿ, ಅದರ ಮೇಲೆ ಕಂಬಳಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿ ಒರಟು, ಚುಚ್ಚುತ್ತದೆ, ಆದರೆ ತೇವ ಆದರೂ ಬೆಚ್ಚಗಿಡುತ್ತದೆ. ಒದ್ದೆಯಾದ ಹತ್ತಿ ರಗ್ಗು ಯಾವ ಉಪಯೋಗಕ್ಕೂ ಬರುವುದಿಲ್ಲ. ಮಲಗುವ ಬಟ್ಟೆ ಒಂದು ಜೊತೆ ಬೇರೆ ಇಡಿ, ಅದನ್ನು ಹಗಲು ಮುಟ್ಟಬೇಡಿ.

ಚಳಿ ಅಂತ ಟೆಂಟನ್ನು ಪೂರ್ತಿ ಮುಚ್ಚಿದರೆ ಉಸಿರೆಲ್ಲ ಹನಿಯಾಗಿ ಮೇಲಿಂದ ತೊಟ್ಟಿಕ್ಕುತ್ತದೆ. ಗಾಳಿಕಿಂಡಿ ತೆರೆದಿರಲಿ, ಒದ್ದೆ ಟವೆಲ್ ಒಳಗೆ ಬೇಡ. ಬೆಚ್ಚಗಾಗಲು ಕೆಂಡದ ಸಿಗಡಿ, ಗ್ಯಾಸ್ ಸ್ಟೌವ್ ಯಾವುದನ್ನೂ ಒಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸ್ ಕ್ಯಾನನ್ನು ಬಸ್ಸಿನಲ್ಲೂ ರೈಲಿನಲ್ಲೂ ಒಯ್ಯುವ ಹಾಗಿಲ್ಲ. ಬಸ್ಸಿನಲ್ಲಿ ಹೋಗುವವರು ಹೋಂಸ್ಟೇಯವರ ಒಲೆಯನ್ನೇ ಕೇಳಿಕೊಳ್ಳಿ.

ಊಟ ಸರಳವಾಗಿರಲಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ. ಡಿಕಾಕ್ಷನ್ ಮನೆಯಲ್ಲೇ ಇಳಿಸಿ ಸಣ್ಣ ಬಾಟಲಿಯಲ್ಲಿ ಒಯ್ದರೆ ಹಾಲು ಕಾಯಿಸುವುದಷ್ಟೇ ಕೆಲಸ. ತಿಂಡಿಯನ್ನು ಟೆಂಟಿನಲ್ಲಿ ಇಡಬೇಡಿ. ಹಗಲು ಮಂಗ, ರಾತ್ರಿ ಇಲಿ ಹೆಗ್ಗಣ, ಎರಡೂ ಬಟ್ಟೆ ಹರಿದುಕೊಂಡೇ ಒಳಗೆ ಬರುತ್ತವೆ. ಕಾರಿನಲ್ಲಿ ಇಲ್ಲವೇ ಮನೆಯವರ ಅಡುಗೆಮನೆಯಲ್ಲಿ ಇಡಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ರಕ್ತ ಹೀರುವವು

ಇಂಬಳ ಕಚ್ಚಿದರೆ ಗಾಬರಿ ಬೇಡ. ಉಗುರಿನಿಂದ ಪಕ್ಕಕ್ಕೆ ತಳ್ಳಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಬಾಯಲ್ಲಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಚಳಿಗಾಲ ಮುಂದುವರಿದ ಹಾಗೆ ಇಂಬಳ ಕಡಿಮೆಯಾಗುತ್ತದೆ, ಉಣುಗು ಜಾಸ್ತಿಯಾಗುತ್ತದೆ. ಹೆದರಬೇಕಾದ್ದು ಇದಕ್ಕೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಹೊರಡುವ ಮೊದಲು ಆ ತಾಲ್ಲೂಕಿನಲ್ಲಿ ಕಾಯಿಲೆ ಇದೆಯಾ ಅಂತ ವಿಚಾರಿಸಿ, ಇದ್ದರೆ ಬೇರೆ ಕಡೆ ಹೋಗಿ. ತರಗೆಲೆ ಮೇಲೆ ಕೂರಬೇಡಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಸಂಜೆ ಬಟ್ಟೆ ಬದಲಿಸಿ ಮೈ ಪರೀಕ್ಷಿಸಿಕೊಳ್ಳಿ. ಮಲೆನಾಡಿನಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಮೈಗೆ ಹಚ್ಚಲು ಡೀಪಾ ಎಣ್ಣೆ ಕೊಡುತ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನವರಿಗೆ ತಿಳಿಸಿ. ವಾಪಸ್ ಬಂದು ವಾರ ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಬೆಂಗಳೂರಿನಲ್ಲಿ ಕೂತವರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ.

ಮನೆಗೆ ಬಂದ ದಿನವೇ ಟೆಂಟ್ ಬಿಚ್ಚಿ ಹರಡಿ, ಎಷ್ಟೇ ಸುಸ್ತಾಗಿದ್ದರೂ. ತೇವದಲ್ಲೇ ಮಡಚಿಟ್ಟರೆ ಬೂಷ್ಟು ಹಿಡಿದು ಹೊಲಿಗೆಯ ಪಟ್ಟಿ ಏಳುತ್ತದೆ. ನೆರಳಿನಲ್ಲಿ ಒಣಗಿಸಿ, ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ ನೈಲಾನ್ ಪುಡಿಪುಡಿಯಾಗುತ್ತದೆ. ಜಿಪ್ಪಿನ ಹಲ್ಲಿನಲ್ಲಿ ಸೇರಿದ ಮರಳನ್ನು ಹಳೆಯ ಟೂತ್‌ಬ್ರಶ್‌ನಿಂದ ತೆಗೆಯಿರಿ. ಗೂಟ ಎಣಿಸಿ. ಒಂದೆರಡು ಕಡಿಮೆಯೇ ಇರುತ್ತವೆ, ಮುಂದಿನ ಸಲಕ್ಕೆ ಈಗಲೇ ತಂದಿಡಿ.